ಬ್ಯಾಟರಿಗೆ ಊಟ ಆಯ್ತಾ?

ಜನರೇಟರ್ ಅಂಗಡಿಯವನ ಬಾಯಿ ಅವನು ಮಾರುವ ಯಂತ್ರಗಳಿಗಿಂತ ಜೋರು. ಒಮ್ಮೆ ಚಾಲೂ ಆಯಿತೆಂದರೆ ಗಿರಾಕಿಯೇ ಸುಸ್ತಾಗಿ ಕೈಮುಗಿಯಬೇಕು, ಅಲ್ಲಿಯವರೆಗೆ ನಿಲ್ಲುವ ಆಸಾಮಿಯಲ್ಲ. ಅಂಥವನ ಬಾಯನ್ನೂ ಮೇಡಂ ಒಂದೇ ಮಾತಿನಲ್ಲಿ ಕಟ್ಟಿಹಾಕಿದರು.

"ಮೊದಲನೇದು ಕಿವಿ ಹರಿಯೋ ಹಾಗಿತ್ತು. ಇದು ನೋಡಿದ್ರೆ ಸೊಳ್ಳೆ ಥರ ಗುಂಯ್ ಅನ್ನುತ್ತೆ. ಇದಕ್ಕಿಂತ ಸ್ವಲ್ಪ ಜಾಸ್ತಿ ಸದ್ದು ಮಾಡೋದು ಇಲ್ವಾ?"

ಅದು ಅಂಗಡಿಯ ಹಿಂದಿನ ಅಂಗಳ. ಒಂದು ಮೂಲೆಯಲ್ಲಿ ಬಿಚ್ಚಿಹಾಕಿದ ಎಂಜಿನ್‌ಗಳು, ಇನ್ನೊಂದು ಮೂಲೆಯಲ್ಲಿ ಪೆಟ್ರೋಲ್ ಕ್ಯಾನುಗಳು, ನಡುವೆ ಮೇಡಂ ಅವರ ವ್ಯಾನು. ವ್ಯಾನಿನ ಹೊಟ್ಟೆಯಿಂದ ಹಳದಿ ಕೇಬಲ್ಲೊಂದು ಹೊರಬಂದು ನೆಲದ ಮೇಲಿದ್ದ ಪುಟ್ಟ ಯಂತ್ರಕ್ಕೆ ಸಿಕ್ಕಿಕೊಂಡಿತ್ತು. ಅಂಗಡಿಯವನು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಾಗೆಯೇ ಹಿಡಿದುಕೊಂಡು, ಮೇಡಂ ಜೊತೆಗೆ ಬಂದಿದ್ದ ಅವರ ಮೈದುನನ ಮುಖ ನೋಡಿದ. ಮೈದುನ ಆಕಾಶ ನೋಡಿದ.

"ಮೇಡಂ, ಸದ್ದು ಕಮ್ಮಿ ಇರೋದು ಕೊಡಿ ಅಂತ ಜನ ನನ್ನ ಪ್ರಾಣ ತಿಂತಾರೆ. ಜಾಸ್ತಿ ಇರೋದು ಕೊಡಿ ಅಂದೋರು ನೀವೇ ಮೊದಲು," ಎಂದ ಅಂಗಡಿಯವನು, ಕೊನೆಗೂ ನಾಲಿಗೆ ಸಿಕ್ಕಮೇಲೆ. "ನಿಮಗೆ ಬೇಕಾಗಿರೋದು ಬ್ಯಾಟರಿ ಚಾರ್ಜ್ ಆಗೋದು ತಾನೆ? ಮನೇಲಿ ನಿಂತಿರುವಾಗ ಮನೆ ಕರೆಂಟಿಂದ ಒಂದು ವೈರ್ ಎಳೀರಿ. ತಿರುಗಾಡ್ತೀರಾ, ವ್ಯಾನಿನ ತಲೆ ಮೇಲೆ ಸೋಲಾರ್ ಹಾಕ್ಸಿ. ಸದ್ದಿಲ್ಲ, ಹೊಗೆಯಿಲ್ಲ, ಬಿಸಿಲು ಬಿಟ್ಟಿ."

"ನನಗೆ ಸದ್ದು ಬೇಕು," ಎಂದರು ಮೇಡಂ.

ಹೊಗೆ ಅನ್ನುವ ಮಾತು ಬಂದಕೂಡಲೇ ಮೈದುನ ಕೆಮ್ಮಿದ್ದು ಅಂಗಡಿಯವನಿಗೆ ತಿಳಿಯಲಿಲ್ಲ. ಪಾಪ, ಅವನಿಗೇನು ಗೊತ್ತು? ಮೇಡಂಗೆ ಬೇಕಾದ ಸದ್ದು ಯಾವುದು ಅನ್ನುವುದು ಮೇಡಂಗೆ ಮಾತ್ರ ಗೊತ್ತು. ಅಂಗಡಿಯವನಿಗೆ ಹೇಳಿದರೆ ಅಂಗಡಿ ಬಾಗಿಲು ಹಾಕಿಕೊಳ್ಳುತ್ತಾನೆ. ಮೈದುನನಿಗೆ ಹೇಳಿದರೆ ಬಂದ ವ್ಯಾನಿನಲ್ಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಸತ್ತುಹೋದ ಗಂಡ ಜನರೇಟರ್ ಓಡುವಾಗ ವ್ಯಾನಿನೊಳಗಿಂದ ಮಾತಾಡುತ್ತಾರೆ ಅಂದರೆ ಕೇಳಿದವರು ಇನ್ನೇನು ಮಾಡಿಯಾರು?

ಮೇಡಂ ಅಂದರೆ ಲೈಬ್ರರಿ ಮೇಡಂ. ಕೆಲಸದಲ್ಲಿದ್ದಷ್ಟು ಕಾಲ ತುಟಿಯ ಮೇಲೆ ಬೆರಳಿಟ್ಟೇ ಬದುಕಿದವರು. ಓದಲು ಬರುತ್ತಿದ್ದ ಮಕ್ಕಳು ಬೆನ್ನ ಹಿಂದೆ 'ಶ್ ಮೇಡಂ' ಎನ್ನುತ್ತಿದ್ದವು. ನಿವೃತ್ತಿಯಾದಮೇಲೆ 'ಶ್' ಉದುರಿತು, 'ಮೇಡಂ' ಉಳಿಯಿತು. ಅವರ ಯಜಮಾನರು ಛಾಪಖಾನೆಯಲ್ಲಿ ಮೆಷಿನ್ ಓಡಿಸುತ್ತಿದ್ದವರು. ಮೆಷಿನ್ನುಗಳು ಅವರ ಬಲಗಿವಿಯನ್ನು ಪೂರ್ತಿ ತಿಂದು ಎಡಗಿವಿಯನ್ನು ಅರ್ಧ ಬಿಟ್ಟಿದ್ದವು. ಗದ್ದಲದ ಗಂಡ, ಗಪ್‌ಚಿಪ್ ಹೆಂಡತಿ ಅಂತ ಬೀದಿಯವರು ತಮಾಷೆ ಮಾಡಿದ್ದೇ ಮಾಡಿದ್ದು. ಆದರೆ ಜೋಡಿ ಮಾತ್ರ ಹೇಳಿ ಮಾಡಿಸಿದ ಹಾಗಿತ್ತು.

ಕೆಲಸ ಬಿಟ್ಟಮೇಲೆ ಯಜಮಾನರು ಶಾಲೆಯೊಂದರ ಹಳೇ ವ್ಯಾನು ಕೊಂಡು ತಂದರು. ಅದರ ಸೀಟುಗಳನ್ನೆಲ್ಲ ಕಿತ್ತು, ಮಂಚ ಹೂಡಿ, ಒಲೆ ಇಟ್ಟು, ಫ್ಯಾನು, ದೀಪ, ಮೊಣಕಾಲೆತ್ತರದ ಒಂದು ಫ್ರಿಜ್ಜು ಎಲ್ಲ ಸೇರಿಸಿ ಓಡಾಡುವ ಮನೆ ಮಾಡಿದರು. ಇವೆಲ್ಲ ನಡೆಯುವುದು ಮಂಚದ ಕೆಳಗಿನ ಬ್ಯಾಟರಿಗಳಿಂದ. ಬ್ಯಾಟರಿ ಬರಿದಾದರೆ ಫ್ರಿಜ್ಜು ಬೀರು, ಫ್ಯಾನು ಅಲಂಕಾರ. ಹಾಗಾಗಿ ಒಂದು ಜನರೇಟರ್ ಬೇಕಾಯಿತು. ಯಜಮಾನರಿಗೆ ದೊಡ್ಡ ಸದ್ದಿನದ್ದೇ ಇಷ್ಟ. "ಇದು ಓಡ್ತಿದ್ರೆ ನನಗೂ ಕೇಳ್ಸುತ್ತೆ ಕಣೇ," ಎಂದರು. ಮೇಡಂ ಒಪ್ಪಲಿಲ್ಲ. ಜನ್ಮವಿಡೀ ಸದ್ದನ್ನು ಓಡಿಸಿದ ಹೆಂಗಸು, ಬೆಲೆ ಹೆಚ್ಚಾದರೂ ಪಿಸುಗುಡುವ ಯಂತ್ರವನ್ನೇ ಆರಿಸಿದರು. ಯಜಮಾನರು ನಕ್ಕುಬಿಟ್ಟರು. "ಸರಿ ಬಿಡು, ಇನ್ನುಮೇಲೆ ನನ್ನ ಕಿವಿ ನೀನೇ," ಎಂದರು.

ಹಾಗೆ ಅವರಿಬ್ಬರ ನಡುವೆ ಒಂದು ಮಾತು ಹುಟ್ಟಿತು. ಬ್ಯಾಟರಿ ಚಾರ್ಜ್ ಆಗುತ್ತಿದೆ ಅಂದರೆ ಅದು ಊಟಕ್ಕೆ ಕೂತಿದೆ ಅಂತ. ಕೇಳಿ ಕೇಳಿ ಮೈದುನನಿಗೂ ಅದು ಬಾಯಿಪಾಠವಾಗಿತ್ತು. ಯಂತ್ರ ಓಡುವಷ್ಟು ಹೊತ್ತು ವ್ಯಾನಿನ ಕಿಟಕಿಗಳೆಲ್ಲ ತೆರೆದಿರಬೇಕು, ಇದು ಯಜಮಾನರೇ ಮಾಡಿದ ಕಟ್ಟುನಿಟ್ಟು. ಅವರು ಒಳಗಿಂದ "ಊಟ ಆಯ್ತಾ?" ಎಂದು ಕೂಗುವುದು, ಮೇಡಂ ಮೀಟರ್ ನೋಡಿ, ಯಂತ್ರ ಆರಿಸಿ, ಅವರ ಎಡಗಿವಿಗೆ ಕೇಳುವ ಹಾಗೆ "ಆಯ್ತು" ಅನ್ನುವುದು. ಆಮೇಲೆ ಕಿಟಕಿ ಮುಚ್ಚಿ ಯಜಮಾನರ ಮಧ್ಯಾಹ್ನದ ನಿದ್ದೆ. ಎಷ್ಟು ಕೆರೆಯ ದಂಡೆ, ಎಷ್ಟು ರಸ್ತೆಯ ಮರದಡಿ ಹೀಗೇ ನಡೆದಿತ್ತು.

ಕೊನೆಯ ಸಲ ನಡೆದದ್ದೂ ಒಂದು ಕೆರೆಯ ದಂಡೆಯಲ್ಲೇ. ಮನೆಗೆ ವಾಪಸ್ ಹೊರಡುವುದನ್ನು ಯಜಮಾನರು ಮತ್ತೆ ಮುಂದೂಡಿದ್ದರು. ಮೇಡಂಗೆ ಬೆನ್ನು ನೋವು, ಒದ್ದೆ ಬಟ್ಟೆಯ ವಾಸನೆ, ತಲೆ ಚಿಟ್ಟು ಹಿಡಿದಿತ್ತು. "ನಿಮಗೆ ಬೇಕಾದ್ದು ಮಾತ್ರ ಚೆನ್ನಾಗಿ ಕೇಳ್ಸುತ್ತೆ, ಬೇಡದ್ದಕ್ಕೆಲ್ಲ ಕಿವುಡು," ಎಂದುಬಿಟ್ಟರು. ಮದುವೆಯಾದಾಗಿನಿಂದ ಆ ಪದ ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಯಜಮಾನರು ಹನಿ ಬೀಳುತ್ತಿದೆಯೆಂದು ಜನರೇಟರನ್ನು ವ್ಯಾನಿನ ಹಿಂಭಾಗದ ಕೆಳಗೆ ತಳ್ಳಿ ಚಾಲೂ ಮಾಡಿ ಒಳಗೆ ಹೋದರು. ಮೇಡಂ ನೀರಿನ ಕಡೆ ಮುಖ ಮಾಡಿ ಮಡಚುಕುರ್ಚಿಯಲ್ಲಿ ಕೂತರು.

ಸ್ವಲ್ಪ ಹೊತ್ತಿಗೆ ಒಳಗಿಂದ ದನಿ ಬಂತು. "ಊಟ ಆಯ್ತಾ?"

"ಆಯ್ತು, ಆಯ್ತು!" ಎಂದರು ಮೇಡಂ, ತಿರುಗಿಯೂ ನೋಡದೆ.

ಆಗಿರಲಿಲ್ಲ. ಯಂತ್ರ ಇನ್ನೂ ಗುಂಯ್ ಅನ್ನುತ್ತಲೇ ಇತ್ತು, ಅದು ಅವರ ಕಿವಿಗೆ ಕೇಳುತ್ತಲೂ ಇತ್ತು. ಬಾಯಿ ಮುಚ್ಚಿಸಿದರೆ ಸಾಕು ಅಂತ ಅಂದ ಮಾತು ಅದು. ಎದ್ದು ದಂಡೆಯುದ್ದಕ್ಕೂ ನಡೆದುಹೋದರು. ಹಿಂದೆ ಕಿಟಕಿಯ ಗಾಜು ಸರಿದು ಮುಚ್ಚಿಕೊಂಡ ಸದ್ದು ಕೇಳಿತು. ಕೋಪ ಇಳಿದಮೇಲೆ, ಏನಾದರೂ ತಮಾಷೆ ಮಾಡಿ ರಾಜಿಯಾಗೋಣ ಎಂದುಕೊಂಡು ವಾಪಸ್ ಬಂದರೆ, ಯಜಮಾನರು ಗೋಡೆ ಕಡೆ ತಿರುಗಿ ಮಲಗಿದ್ದರು. ಕೇಬಲ್ ತೂರಿಸಿದ ತೂತಿನಿಂದ ಹೊಗೆ ಮೇಲೆ ಬಂದಿತ್ತು ಅಂತ ಆಮೇಲೆ ಯಾರೋ ಹೇಳಿದರು. ಯಾರು ಯಾರೋ ಬಂದರು, ಯಾರು ಯಾರೋ ಏನೇನೋ ಮಾಡಿದರು. ಮೇಡಂಗೆ ಒಂದೂ ನೆನಪಿಲ್ಲ.

ಎಲ್ಲರೂ ಹೊಗೆಯನ್ನು ಬೈದರು, ಯಂತ್ರವನ್ನು ಬೈದರು. ಮೈದುನ ಆ ಯಂತ್ರವನ್ನು ಗುಜರಿಗೆ ಎಸೆದು ಬಂದ. ಮೇಡಂ ಮಾತ್ರ ಸುಮ್ಮನಿದ್ದರು. ಆ ಯಂತ್ರವನ್ನು ಆಯ್ದುಕೊಂಡದ್ದು ತಾನು, ಆಯ್ತು ಅಂದದ್ದೂ ತಾನು. ತನ್ನ ಒಂದು ಮಾತಿಗೆ ಕಿಟಕಿ ಮುಚ್ಚಿಕೊಂಡು ಮಲಗಿದರಲ್ಲ, ಅಯ್ಯೋ, ಅಷ್ಟು ನಂಬಿದ್ದರಲ್ಲ ಈ ಕಿವಿಯನ್ನು! ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು ಎಷ್ಟು ದಿನ ಅಂತ ಬಂದವರಿಗೆ ನಗುನಗುತ್ತಾ ಕಾಫಿ ಕೊಡುವುದು?

ಒಂದು ವರ್ಷ ಕಳೆದಿತ್ತು. ಬೀದಿಯಲ್ಲಿ ರಸ್ತೆ ಕೆಲಸದವರು ಕಾಂಪೌಂಡಿನ ಪಕ್ಕಕ್ಕೇ ಜನರೇಟರ್ ಇಟ್ಟು ಓಡಿಸುತ್ತಿದ್ದರು. ಮೇಡಂ ವ್ಯಾನಿನೊಳಗೆ ಧೂಳು ಒರೆಸುತ್ತಿದ್ದರು. ಹಿಂದಿನಿಂದ, ಮಂಚದ ಕಡೆಯಿಂದ, ತೀರಾ ಸಹಜವಾಗಿ, ಸ್ವಲ್ಪ ಜೋರಾಗಿ, ಕಿವಿ ಮಂದ ಇರುವವರು ಮಾತಾಡುವ ಹಾಗೆ:

"ಊಟ ಆಯ್ತಾ?"

ಮೇಡಂ ಕೈಯಲ್ಲಿದ್ದ ಬಟ್ಟೆ ಬಿಸಾಕಿ ಹೊರಗೆ ಓಡಿದರು. ಮಂಚದ ಹಾಸಿಗೆ, ಯಾರೋ ಆಗತಾನೇ ಕೂತ ಹಾಗೆ ಒಂದು ಕಡೆ ಜಗ್ಗಿದ್ದನ್ನು ಕಿಟಕಿಯಿಂದ ಕಣ್ಣಾರೆ ನೋಡಿದರು. ಕೆಲಸದವರು ಯಂತ್ರ ಆರಿಸಿದರು. ಹಾಸಿಗೆ ಮೆಲ್ಲಗೆ ಸಮವಾಯಿತು. ಮರುದಿನ ರಸ್ತೆಯವರು ಗಂಟುಮೂಟೆ ಕಟ್ಟಿಕೊಂಡು ಬೇರೆ ಬೀದಿಗೆ ಹೋಗಿಯಾಗಿತ್ತು. ಅವರ ಯಂತ್ರದ ಸದ್ದು ಮಾತ್ರ ಮೇಡಂ ಕಿವಿಯಲ್ಲಿ ಉಳಿಯಿತು, ಆ ಹದದ ಸದ್ದಿಗೇ ಯಜಮಾನರು ಬಂದದ್ದು ಅಂತ.

ಅವತ್ತಿನಿಂದ ಮೇಡಂಗೆ ಒಂದೇ ಹಂಬಲ. ಅವರು ಇನ್ನೊಂದು ಸಲ ಕೇಳಬೇಕು. ತಾನು ಈ ಸಲ ಸರಿಯಾದ ಉತ್ತರ ಕೊಡಬೇಕು. ಇಲ್ಲ ರೀ, ಇನ್ನೂ ಆಗಿಲ್ಲ, ಕಿಟಕಿ ಮುಚ್ಚಬೇಡಿ ಅನ್ನಬೇಕು. ಹಾಗಂದರೆ ಏನಾಗುತ್ತದೆ? ಸತ್ತವರು ಎದ್ದು ಬರುವುದಿಲ್ಲ, ಅಷ್ಟು ಬುದ್ಧಿ ಮೇಡಂಗೆ ಇತ್ತು. ಆದರೆ ಆ ಮುಚ್ಚಿದ ಕಿಟಕಿಯ ಹಿಂದೆ ಅವರು ಇನ್ನೂ ಇದ್ದಾರೆ, ತನ್ನ ಸುಳ್ಳಿನೊಳಗೆ ಮಲಗಿದ್ದಾರೆ. ಅವರನ್ನು ಅಲ್ಲಿ ಬಿಟ್ಟು ತಾನು ಹೇಗೆ ಸಾಯುವುದು? ಈ ನಡುವೆ ಮೈದುನ ವ್ಯಾನಿಗೆ ಗಿರಾಕಿ ಹುಡುಕಿದ್ದ. ಹೊಸದಾಗಿ ಮದುವೆಯಾದ ಜೋಡಿ, ಭಾನುವಾರ ಬಂದು ಒಯ್ಯುತ್ತೇವೆ ಅಂದಿದ್ದರು. ಬ್ಯಾಟರಿ ತುಂಬಿಸಿ, ಜನರೇಟರ್ ಸಮೇತವೇ ಕೊಡೋಣ ಎಂದು ಮೇಡಂ ಹಟ ಹಿಡಿದದ್ದು ಅದಕ್ಕೇ.

ಅಂಗಡಿಯವನು ಈಗ ಮೂರನೆಯ ಯಂತ್ರವನ್ನು ಎತ್ತಿಕೊಂಡು ಬಂದ. ಹಿಡಿ ಇರುವ ನೀಲಿ ಪೆಟ್ಟಿಗೆ.

"ಎರಡು ಕಿಲೋವ್ಯಾಟ್ ಮೇಡಂ. ಆ ಸಣ್ಣದು ನಿಮ್ಮ ಚಾರ್ಜರ್ ಎಳೆಯೋ ಜೋರಿಗೆ ಏದುಸಿರು ಬಿಡುತ್ತೆ, ದೊಡ್ಡದು ದಂಡಕ್ಕೆ ಪೆಟ್ರೋಲ್ ಕುಡಿಯುತ್ತೆ. ಇದು ಅಳತೆಗೆ ಸರಿಯಾಗಿದೆ. ಲೋಡ್ ಎಷ್ಟಿದೆಯೋ ಅಷ್ಟೇ ಓಡುತ್ತೆ, ಅಷ್ಟೇ ಕೂಗುತ್ತೆ. ಒಂದೇ ಮಾತು, ಹೊಗೆ ಕೊಳವೆ ವ್ಯಾನ್ ಕಡೆ ತಿರುಗಿರಬಾರದು. ದೂರ ಇಡಿ, ಉದ್ದ ಕೇಬಲ್ ಕೊಡ್ತೀನಿ. ಒಳಗೆ ಹೊಗೆಯ ವಿಷಗಾಳಿ ಹಿಡಿಯೋ ಒಂದು ಅಲಾರಂ ಅಂಟಿಸಿ. ಜೀವ ಮುಖ್ಯ."

ಹಗ್ಗ ಎಳೆದ. ಯಂತ್ರ ಒಮ್ಮೆ ಕೊಸರಾಡಿ ಹದಕ್ಕೆ ಬಂತು. ಮೇಡಂ ವ್ಯಾನಿನ ಬಾಗಿಲ ಹತ್ತಿರ ಹೋಗಿ ತಲೆ ಒಳಗಿಟ್ಟು ನಿಂತರು. ಚಾರ್ಜರಿನ ಹಸಿರು ದೀಪ ಮಿಟುಕಿತು. ಹಾಸಿಗೆಯ ಅಂಚು ನಿಧಾನಕ್ಕೆ ಜಗ್ಗಿತು.

"ಊಟ ಆಯ್ತಾ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟು ಸಲ ಕನ್ನಡಿ ಮುಂದೆ ಹೇಳಿಕೊಂಡಿದ್ದರು! ಆದರೆ ಬಾಯಿ ತೆರೆದದ್ದೇ ಭಯವಾಯಿತು. ದೆವ್ವದ ಭಯವಲ್ಲ. ಸರಿಯಾದ ಉತ್ತರ ಕೊಟ್ಟುಬಿಟ್ಟರೆ ಅವರು ಎದ್ದು ಹೋಗಿಬಿಟ್ಟರೆ? ಇನ್ನೊಮ್ಮೆ ಕೇಳದೇ ಹೋದರೆ? ಈ ಎರಡು ಪದ ಬಿಟ್ಟರೆ ತನಗೆ ಅವರದ್ದು ಅಂತ ಉಳಿದಿರುವುದಾದರೂ ಏನು?

"ಬೇಡ!" ಎಂದು ತಿರುಗಿದರು ಮೇಡಂ. "ಆರ್ಸಿ ಅದನ್ನ. ಇದು ಬೇಡ."

"ಯಾಕೆ ಮೇಡಂ? ಸದ್ದು ಸರಿಯಾಗಿ ನೀವು ಹೇಳಿದ ಹಾಗೇ ಇದೆ!"

"ಸರಿಯಾಗಿದೆ. ಅದಕ್ಕೇ ಬೇಡ."

ಅಂಗಡಿಯವನು ಯಂತ್ರ ಆರಿಸಿ ಎರಡೂ ಕೈ ಜೋಡಿಸಿದ. ಅವನ ಜೀವಮಾನದಲ್ಲಿ ಗಿರಾಕಿಗಿಂತ ಮೊದಲು ಅವನು ಕೈಮುಗಿದದ್ದು ಅದೇ ಮೊದಲಿರಬೇಕು.

ಮೈದುನ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ಜಗತ್ತಿನ ಎಲ್ಲ ವಾಹನಗಳಲ್ಲೂ ತನ್ನ ಕಾಲ ಕೆಳಗೊಂದು ಬ್ರೇಕ್ ಇದೆ ಎಂದು ನಂಬಿರುವ ಮನುಷ್ಯ. ವಾಪಸ್ ಬಂದು ವ್ಯಾನನ್ನು ಮನೆಯ ಮುಂದೆ ನಿಲ್ಲಿಸಿ, ಕೀ ತೆಗೆಯದೆ, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಕೂತ.

"ಅತ್ತಿಗೆ, ಒಂದು ಮಾತು ನೇರವಾಗಿ ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ."

"ಕೇಳು."

"ಜನರೇಟರು ನಿಮಗೆ ಯಾಕೆ?"

ಮೇಡಂ ಗಾಜಿನಾಚೆ ರಸ್ತೆ ನೋಡಿದರು.

"ಅಣ್ಣ ಹೋದ ಹಾಗೇ ಹೋಗಬೇಕು ಅಂತ ಏನಾದ್ರೂ..." ಅವನು ಸ್ಟೀರಿಂಗ್ ಬಿಗಿಯಾಗಿ ಹಿಡಿದ. ಎಂದೂ ತಮಾಷೆ ಬಿಟ್ಟು ಮಾತಾಡದವನು. "ನಾನು ರಾತ್ರಿಯೆಲ್ಲ ಇದನ್ನೇ ಯೋಚಿಸ್ತಾ ಒದ್ದಾಡ್ತೀನಿ. ವ್ಯಾನ್ ಮಾರಿಸ್ತಿರೋದೂ ಅದಕ್ಕೇ. ನನಗೆ ನೀವು ಬರೀ ಅತ್ತಿಗೆ ಅಲ್ಲ, ನಿಮಗೂ ಗೊತ್ತು."

ಛೇ, ಇದೊಂದು ತನಗೆ ಹೊಳೆದೇ ಇರಲಿಲ್ಲವಲ್ಲ ಅನ್ನಿಸಿತು ಮೇಡಂಗೆ. ತನ್ನ ಸಂಕಟದಲ್ಲಿ ತಾನು ಮುಳುಗಿ, ಪಕ್ಕದಲ್ಲಿದ್ದವನ ಸಂಕಟ ಕಾಣಿಸಲೇ ಇಲ್ಲ. ಅವನು ಚಡ್ಡಿ ಹಾಕಿಕೊಂಡು ಸೈಕಲ್ ಕಲಿಯುತ್ತಿದ್ದಾಗ ಹಿಂದಿನಿಂದ ಸೀಟು ಹಿಡಿದುಕೊಂಡು ಓಡಿದ್ದು ತಾನೇ.

"ಸಾಯೋಕಲ್ಲ ಕಣೋ," ಎಂದರು. "ಅವತ್ತು ನಿಮ್ಮಣ್ಣ ಒಂದು ಪ್ರಶ್ನೆ ಕೇಳಿದ್ರು. ನಾನು ಸುಳ್ಳು ಹೇಳಿದೆ. ಆ ಉತ್ತರ ಸರಿ ಮಾಡಬೇಕು, ಅಷ್ಟೇ. ಇನ್ನೇನೂ ಕೇಳಬೇಡ."

ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೆ ಅತ್ತಿಗೆಯ ಮುಖ ನೋಡಿ, ಸುಳ್ಳಲ್ಲ ಅಂತ ಮಾತ್ರ ಅರ್ಥವಾಯಿತು. "ಸರಿ. ಆದ್ರೆ ನಾನು ಜೊತೆಗಿರ್ತೀನಿ. ಯಂತ್ರ ಇಡೋದು, ಆರ್ಸೋದು ಎಲ್ಲ ನನ್ನ ಕೈಯಲ್ಲಿ. ಒಪ್ಪಿಗೆನಾ?"

"ಒಪ್ಪಿಗೆ. ಮೊದಲು ಆ ಬಾಯಿಬಡುಕನ ಹತ್ರ ಹೋಗಿ ನೀಲಿದನ್ನ ತಗೊಂಡು ಬಾ. ನಾನು ಬಂದ್ರೆ ಅವನು ಓಡಿಹೋಗ್ತಾನೆ."

ಭಾನುವಾರ ಸಂಜೆ ಗಿರಾಕಿಗಳು ಬರುವವರಿದ್ದರು. ಬೆಳಗ್ಗೆಯೇ ಇಬ್ಬರೂ ಕೆರೆಗೆ ಹೊರಟರು. ಬಿರುಬಿಸಿಲು, ಒಂದು ಚೂರು ಮೋಡವಿಲ್ಲ. ಮೈದುನ ವ್ಯಾನು ನಿಲ್ಲಿಸಿ, ಗಾಳಿ ಎತ್ತ ಬೀಸುತ್ತಿದೆಯೆಂದು ಚಿಟಿಕೆ ಮಣ್ಣು ಹಾರಿಸಿ ನೋಡಿ, ಜನರೇಟರನ್ನು ಅಷ್ಟು ದೂರದ ಮರದ ಕೆಳಗೆ ಇಟ್ಟ. ಕೊಳವೆಯ ಬಾಯನ್ನು ಕೆರೆಯ ಕಡೆಗೆ ತಿರುಗಿಸಿದ. ವ್ಯಾನಿನ ಕಿಟಕಿಗಳನ್ನೆಲ್ಲ ತೆರೆದ, ಬಾಗಿಲಿಗೆ ಕಲ್ಲು ಒತ್ತಿಟ್ಟ, ಅಲಾರಮ್ಮಿನ ಗುಂಡಿ ಒತ್ತಿ ಕಿರುಚಿಸಿ ನೋಡಿದ. ಅಷ್ಟೆಲ್ಲ ಆದಮೇಲೂ ಸಮಾಧಾನವಿಲ್ಲದೆ ಯಂತ್ರದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

"ಶುರು ಮಾಡ್ಲಾ ಅತ್ತಿಗೆ?"

ಮೇಡಂ ಕುರ್ಚಿ ಬಿಡಿಸಿ, ಈ ಸಲ ನೀರಿಗೆ ಬೆನ್ನು ಹಾಕಿ, ವ್ಯಾನಿನ ಬಾಗಿಲಿಗೆ ಎದುರಾಗಿ ಕೂತರು. ತಲೆಯಾಡಿಸಿದರು.

ದೂರದಿಂದ ಯಂತ್ರದ ಸದ್ದು ಬಂತು, ಒಂದೇ ಸಮ. ವ್ಯಾನಿನೊಳಗೆ ಬಿಸಿಲು ಬಿದ್ದಿತ್ತು. ನೋಡುತ್ತಿದ್ದ ಹಾಗೇ ಒಳಗಿನ ಬೆಳಕು ಮಂಕಾಯಿತು, ಮೋಡ ಕವಿದ ದಿನದ ಬೆಳಕಿನ ಹಾಗೆ. ಹೊರಗೆ ಮಾತ್ರ ಸುಡುಬಿಸಿಲೇ. ವ್ಯಾನಿನ ತಗಡಿನ ಮೇಲೆ ಟಪ್ ಟಪ್ ಎಂದು ಹನಿ ಬಿದ್ದ ಸದ್ದು. ಮೇಡಂ ತಮ್ಮ ಅಂಗೈ ಚಾಚಿ ನೋಡಿಕೊಂಡರು, ಒಣಗಿತ್ತು.

"ಊಟ ಆಯ್ತಾ?"

"ಇಲ್ಲಾ!" ಎಂದು ಕೂಗಿದರು ಮೇಡಂ. ಎಡಗಿವಿಗೆ ಕೇಳಬೇಕಲ್ಲ. ಲೈಬ್ರರಿಯಲ್ಲಿ ಅಷ್ಟು ವರ್ಷ ಅದುಮಿಟ್ಟ ದನಿಯೆಲ್ಲ ಒಟ್ಟಿಗೆ ಹೊರಬಂದ ಹಾಗೆ ಕೂಗಿದರು. "ಇಲ್ಲಾ ರೀ! ಇನ್ನೂ ಆಗಿಲ್ಲ! ಆಯ್ತು ಅಂದಿದ್ದು ಸುಳ್ಳು!"

ಮರದ ಕೆಳಗೆ ಮೈದುನ ದಡಕ್ಕನೆ ಎದ್ದು ನಿಂತ. ಒಳಗೆ ಮಂಚ ಕಿರುಗುಟ್ಟಿತು, ಒಬ್ಬರು ಎದ್ದು ಕೂತ ಹಾಗೆ. ಮೇಡಂ ಆ ದನಿಯಲ್ಲಿ ನಗು ಕೇಳಿದರು. ನಗು! ವರ್ಷದ ಮೇಲಾಗಿತ್ತು ಅದನ್ನು ಕೇಳಿ.

"ನನಗೆ ಗೊತ್ತಿತ್ತು ಕಣೇ. ಕೋಪ ಬಂದ್ರೆ ನೀನೆಲ್ಲಿ ಊಟ ಮಾಡ್ತೀಯ? ಬಾ, ಬಡಿಸಿಟ್ಟು ಎಷ್ಟೊತ್ತಿಂದ ಕಾಯ್ತಿದೀನಿ. ಜಗಳ ಬೇಕಿದ್ರೆ ಆಮೇಲೆ ಮುಂದುವರ್ಸು. ಹನಿ ಒಳಗೆ ಬರ್ತಿದೆ, ಬಾಗಿಲು ಹಾಕ್ಕೊಂಡು ಬಾ."

ಮೇಡಂ ಕೂತಲ್ಲೇ ಕಲ್ಲಾದರು.

ಬ್ಯಾಟರಿಯನ್ನು ಕೇಳಿರಲಿಲ್ಲ. ಅವರು ತನ್ನನ್ನು ಕೇಳಿದ್ದರು. ಬೈಸಿಕೊಂಡು ಒಳಗೆ ಹೋದ ಗಂಡ, ಹೆಂಡತಿ ಹಸಿದುಕೊಂಡು ಕೂತಿದ್ದಾಳಲ್ಲ ಎಂದು ಕೇಳಿದ ಪ್ರಶ್ನೆ. ಲೋಕದ ಗಂಡಂದಿರೆಲ್ಲ ಕೇಳುವ ಎರಡೇ ಎರಡು ಪದ, ಯಾರ ಊಟ ಅಂತ ಬಿಡಿಸಿ ಹೇಳುವ ಅಗತ್ಯವೇ ಇಲ್ಲದ ಮಾತು. ತಾವಿಬ್ಬರೂ ಅದನ್ನು ಬ್ಯಾಟರಿಗೆ ಎಷ್ಟು ಬಳಸಿದ್ದರೆಂದರೆ, ತನ್ನ ಪಾಲಿಗೂ ಆ ಮಾತು ಇರಬಹುದು ಅನ್ನುವುದೇ ತನಗೆ ಮರೆತುಹೋಗಿತ್ತು.

ಮೈದುನ ಓಡೋಡಿ ಹತ್ತಿರ ಬಂದ. "ಏನಾಯ್ತು ಅತ್ತಿಗೆ? ಯಾರಿಗೆ ಕೂಗ್ತಿದೀರ?"

"ಅವತ್ತು ವ್ಯಾನು ಕ್ಲೀನ್ ಮಾಡಿದ್ದು ನೀನೇ ಅಲ್ವಾ?" ಮೇಡಂ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. "ಒಳಗೆ ಊಟದ ತಟ್ಟೆ ಇತ್ತಾ?"

"ಎರಡಿತ್ತು," ಎಂದ. "ಎರಡೂ ಬಡಿಸಿ ಮುಚ್ಚಿಟ್ಟಿದ್ದ. ಒಂದನ್ನೂ ಮುಟ್ಟಿರಲಿಲ್ಲ. ನಿಮಗೆ ಹೇಳಿದ್ರೆ ಇನ್ನೂ ಕೊರಗ್ತೀರ ಅಂತ ಹೇಳ್ಲಿಲ್ಲ ಅತ್ತಿಗೆ. ನಾನೇ ಎತ್ತಿ ತೊಳೆದಿಟ್ಟೆ."

ಹಸಿದುಕೊಂಡೇ ಮಲಗಿದ್ದರು. ಹೆಂಡತಿಯ ಊಟ ಆಯಿತಂತೆ, ತನಗೇಕೆ ಇನ್ನು ಎಂದುಕೊಂಡು, ಮನಸ್ಸು ಮುದುಡಿ, ಹನಿ ಬರುತ್ತದೆಂದು ಕಿಟಕಿ ಎಳೆದುಕೊಂಡು, ಯಂತ್ರವನ್ನೇ ಮರೆತು ಗೋಡೆ ಕಡೆ ತಿರುಗಿದ್ದರು. ಅವತ್ತು ನಾನು ಇಲ್ಲ ಅಂದಿದ್ದರೆ? ಒಳಗೆ ಹೋಗುತ್ತಿದ್ದೆ. ಬಾಗಿಲು ಹಾಕಿಕೊಂಡೇ ಹೋಗುತ್ತಿದ್ದೆ. ಉಂಡು, ನಕ್ಕು, ಅವರ ಪಕ್ಕದಲ್ಲೇ ಒರಗುತ್ತಿದ್ದೆ. ಈ ಹುಡುಗ ಬಂದು ಇಬ್ಬರನ್ನೂ ಎತ್ತಬೇಕಾಗಿತ್ತು. ಆ ಸುಳ್ಳು ಒಬ್ಬರನ್ನು ಕೊಂದಿತೋ, ಒಬ್ಬರನ್ನು ಉಳಿಸಿತೋ, ಮೇಡಂಗೆ ಹೇಳಲಾಗಲಿಲ್ಲ. ಎರಡೂ ನಿಜವೇ ಇರಬೇಕು.

"ಬಾರೇ," ಎಂದಿತು ಒಳಗಿನ ದನಿ. "ಆರಿಹೋಗುತ್ತೆ."

ಅಷ್ಟು ಪ್ರೀತಿಯಿಂದ ಕರೆದರೆ ಯಾರು ತಾನೇ ಹೋಗದೇ ಇದ್ದಾರು? ಮೇಡಂ ಎದ್ದರು. ನಾಲ್ಕು ಹೆಜ್ಜೆ ನಡೆದು ಒಂದು ಕಾಲು ವ್ಯಾನಿನ ಮೆಟ್ಟಿಲ ಮೇಲಿಟ್ಟರು. ಒಳಗಿನ ಮಂಕು ಬೆಳಕಿನಲ್ಲಿ ಯಜಮಾನರ ಅಂಗಿಯ ತೋಳು ಕಂಡ ಹಾಗಾಯಿತು. ಹೋಗಿಬಿಡಲೇ ಅನ್ನಿಸಿತು, ಸುಳ್ಳೇಕೆ, ತುಂಬಾ ಅನ್ನಿಸಿತು. ಹಿಂದೆ ಮೈದುನನ ಉಸಿರಾಟ ಕೇಳುತ್ತಿತ್ತು. ಅವನು ಅತ್ತಿಗೆಯ ಸೀರೆ ಸೆರಗಿನ ತುದಿಯನ್ನು ಬೆರಳಲ್ಲಿ ಸುತ್ತಿ ಹಿಡಿದುಕೊಂಡಿದ್ದ, ಬಿದ್ದುಬಿಟ್ಟೇನೆಂದು ಹೆದರಿದ ಮಗುವಿನ ಹಾಗೆ.

ಮೇಡಂ ಬಾಗಿಲ ಚೌಕಟ್ಟಿಗೆ ಕೈಯಾನಿಸಿ, ಜೋರಾಗಿ, ಆದರೆ ಮೃದುವಾಗಿ ಹೇಳಿದರು.

"ನೀವು ಊಟ ಮಾಡಿ ರೀ. ನಾನು ಬರೋದು ತಡ ಆಗುತ್ತೆ. ನನಗೋಸ್ಕರ ಕಾಯಬೇಡಿ."

ದಿನವೂ ಎಲ್ಲ ಮನೆಗಳಲ್ಲೂ ಯಾರೋ ಒಬ್ಬರು ಇನ್ನೊಬ್ಬರಿಗೆ ಹೇಳುವ ಮಾತು. ಒಳಗೆ ಅವರು ಯೋಚಿಸುತ್ತಿದ್ದಾರೆ ಅನ್ನಿಸಿತು. ಆಮೇಲೆ "ಹೂಂ" ಅನ್ನುವ ಒಂದು ಸಣ್ಣ ದನಿ, ಸ್ವಲ್ಪ ನಿರಾಸೆಯದು, ಆದರೆ ಕೋಪವಿಲ್ಲದ್ದು. ಮುಚ್ಚಳ ತೆಗೆದಿಟ್ಟ ಸದ್ದು ಬಂತು. ಲೋಟಕ್ಕೆ ನೀರು ಬಗ್ಗಿಸಿದ ಸದ್ದು. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ ಸದ್ದು.

ಮೇಡಂ ಮೆಟ್ಟಿಲಿಂದ ಕಾಲು ತೆಗೆದು ನೆಲದ ಮೇಲೆಯೇ ಕೂತುಬಿಟ್ಟರು. ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮೈದುನ ಏನೂ ತೋಚದೆ, ಮೊದಲು ಆ ಹಾಳು ಯಂತ್ರವನ್ನಾದರೂ ನಿಲ್ಲಿಸೋಣ ಎಂದು ಮರದ ಕಡೆ ಓಡಿದ. ಸ್ವಿಚ್ಚಿನ ಮೇಲೆ ಕೈಯಿಟ್ಟು ಕೂಗಿದ.

"ಬ್ಯಾಟರಿ ತುಂಬಿರಬೇಕು ಅತ್ತಿಗೆ! ಊಟ ಆಯ್ತು ಅಲ್ವಾ? ಆರ್ಸ್‌ಲಾ?"

"ಇರು," ಎಂದರು ಮೇಡಂ. "ಇನ್ನೂ ಊಟ ಮಾಡ್ತಿದಾರೆ."

ಮಾಡ್ತಿದೆ ಅನ್ನಲಿಲ್ಲ. ಮಾಡ್ತಿದಾರೆ ಅಂದರು. ಮೈದುನ ಸ್ವಿಚ್ಚಿನ ಮೇಲಿಂದ ಕೈ ತೆಗೆದ. ವ್ಯಾನಿನ ತೆರೆದ ಬಾಗಿಲನ್ನು ನೋಡಿದ, ಅತ್ತಿಗೆಯನ್ನು ನೋಡಿದ, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ಯಂತ್ರದ ಹತ್ತಿರ ಸುಮ್ಮನೆ ಕೂತುಕೊಂಡ.